ಅವಧಿ ಮುಗಿದ ಕಾನೂನು, ನಿಲ್ಲದ ದುಡ್ಡು: ಅಮೆರಿಕದ ಫಾರ್ಮ್ ಬಿಲ್ ನಡೆಯುವುದು ಹೇಗೆ?

2025ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಅಮೆರಿಕದಿಂದ ಒಂದರ ಹಿಂದೆ ಒಂದು ಮೂರು ಸುದ್ದಿ ಬಂದವು. ಸೆಪ್ಟೆಂಬರ್ 30ಕ್ಕೆ ಅಲ್ಲಿನ ಕೃಷಿ ಕಾನೂನಿನ ಅವಧಿ ಮುಗಿಯಿತು. ನವೆಂಬರ್‌ನಲ್ಲಿ ಸುಮಾರು 4.2 ಕೋಟಿ ಜನರಿಗೆ ಸಿಗಬೇಕಾದ ಆಹಾರದ ದುಡ್ಡು ತಡೆಯಾಯಿತು. ಡಿಸೆಂಬರ್‌ನಲ್ಲಿ ಟ್ರಂಪ್ ಸರ್ಕಾರ ರೈತರಿಗೆ 1,200 ಕೋಟಿ ಡಾಲರ್ ನೆರವು ಘೋಷಿಸಿತು.

ಮೂರನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗದೆ ಇರದು. ಕಾನೂನಿನ ಅವಧಿಯೇ ಮುಗಿದಿದೆ ಅಂದಮೇಲೆ ರೈತರಿಗೆ ದುಡ್ಡು ಬಂದಿದ್ದು ಎಲ್ಲಿಂದ? ಬೆಳೆ ವಿಮೆ ನಿಲ್ಲಲಿಲ್ಲ, ಬಡವರ ಊಟದ ದುಡ್ಡು ಮಾತ್ರ ಯಾಕೆ ನಿಂತಿತು? ಜುಲೈನಲ್ಲೇ ರೈತರಿಗೆ ಬೆಂಬಲ ಬೆಲೆ ಏರಿಸಿದ್ದರು. ಡಿಸೆಂಬರ್‌ನಲ್ಲಿ ಮತ್ತೆ ನೆರವು ಯಾಕೆ ಬೇಕಾಯಿತು? ಇದನ್ನು ಬಿಡಿಸಬೇಕಾದರೆ ದುಡ್ಡು ಹರಿಯುವ ದಾರಿಯನ್ನೇ ಹಿಡಿದು ಹೋಗಬೇಕು. ಅಮೆರಿಕದಲ್ಲಿ ಯಾವ ಬೆಳೆಗೆ ಬಲ, ಯಾವುದಕ್ಕೆ ಇಲ್ಲ ಅನ್ನುವುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಈ ದಾರಿಯೇ.

ಹೆಸರು ಫಾರ್ಮ್ ಬಿಲ್, ದುಡ್ಡು ಊಟಕ್ಕೆ

ಫಾರ್ಮ್ ಬಿಲ್ ಅನ್ನುವುದು ಸುಮಾರು ಐದು ವರ್ಷಕ್ಕೊಮ್ಮೆ ಅಮೆರಿಕದ ಸಂಸತ್ತು ಮಾಡುವ ದೊಡ್ಡ ಕಾನೂನು. ಕೊನೆಯದಾಗಿ ಪೂರ್ಣ ರೂಪದಲ್ಲಿ ಆಗಿದ್ದು 2018ರಲ್ಲಿ. ಅದರಲ್ಲಿ 12 ಅಧ್ಯಾಯಗಳಿವೆ. ಬೆಳೆ ಬೆಲೆ, ಮಣ್ಣು ಸಂರಕ್ಷಣೆ, ರಫ್ತು, ಆಹಾರ ನೆರವು, ಕೃಷಿ ಸಾಲ, ಹಳ್ಳಿಗಳ ಅಭಿವೃದ್ಧಿ, ಸಂಶೋಧನೆ, ಕಾಡು, ಬೆಳೆ ವಿಮೆ, ಹೀಗೆ ಎಲ್ಲವೂ ಒಂದೇ ಕಟ್ಟಿನಲ್ಲಿ. ಹತ್ತು ವರ್ಷದ ಅಂದಾಜು ಖರ್ಚು 86,700 ಕೋಟಿ ಡಾಲರ್.

ಇದರಲ್ಲಿ ನೂರು ಡಾಲರ್‌ಗೆ ಸುಮಾರು 76 ಡಾಲರ್ ಆಹಾರ ನೆರವಿನದು. ಹಳೆಯ ಹೆಸರು ಫುಡ್ ಸ್ಟಾಂಪ್, ಈಗಿನ ಹೆಸರು ಸ್ನ್ಯಾಪ್. ಬೆಳೆ ವಿಮೆಗೆ 9, ಬೆಲೆ ಬೆಂಬಲಕ್ಕೆ 7, ಮಣ್ಣು ನೀರಿನ ಸಂರಕ್ಷಣೆಗೆ 7. ಉಳಿದ ಅಧ್ಯಾಯಗಳೆಲ್ಲ ಸೇರಿ ಕೊನೆಯ ಒಂದು ಡಾಲರ್‌ನಲ್ಲಿ ಬದುಕಬೇಕು.

ರೈತರ ಕಾನೂನಿನಲ್ಲಿ ಪಟ್ಟಣದ ಬಡವರ ಊಟ ಹೇಗೆ ಬಂತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1933: ಬೆಳೆ ಜಾಸ್ತಿ, ಹೊಟ್ಟೆ ಖಾಲಿ

ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಬೆಳೆಗೆ ಬೆಲೆಯೇ ಇರಲಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ಮೊದಲ ಕೃಷಿ ಕಾನೂನು ತಂದಿತು. ಉಪಾಯ ಸರಳವಾಗಿತ್ತು: ಕಡಿಮೆ ಬೆಳೆಯಿರಿ, ಅದಕ್ಕೆ ದುಡ್ಡು ಕೊಡುತ್ತೇವೆ. ಆ ವರ್ಷ ನಿಂತ ಹತ್ತಿ ಬೆಳೆಯನ್ನು ಉತ್ತು ಮಣ್ಣಿಗೆ ಸೇರಿಸಿದರು. ಸುಮಾರು 60 ಲಕ್ಷ ಹಂದಿಗಳನ್ನು ಬಲಿಯುವ ಮೊದಲೇ ಕೊಂದರು. ಅದೇ ಹೊತ್ತಿಗೆ ಪಟ್ಟಣಗಳಲ್ಲಿ ಜನ ಊಟಕ್ಕಾಗಿ ಸಾಲು ನಿಂತಿದ್ದರು. ಜನರಿಗೆ ಸಿಟ್ಟು ಬಂದಿದ್ದು ಸಹಜ ಅಲ್ವಾ?

ಆ ಸಿಟ್ಟಿನಿಂದಲೇ ಇನ್ನೊಂದು ದಾರಿ ಹುಟ್ಟಿತು. ಮಿಕ್ಕಿದ್ದನ್ನು ನಾಶ ಮಾಡುವ ಬದಲು ಹಸಿದವರಿಗೆ ತಲುಪಿಸಬಾರದೇಕೆ? 1939ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಟ್ಟಣದಲ್ಲಿ ಮೊದಲ ಫುಡ್ ಸ್ಟಾಂಪ್ ಯೋಜನೆ ಶುರುವಾಯಿತು. ಬಡವರು ಒಂದು ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಂಡರೆ, ಜೊತೆಗೆ 50 ಸೆಂಟ್ ಬೆಲೆಯ ನೀಲಿ ಚೀಟಿ ಉಚಿತವಾಗಿ ಸಿಗುತ್ತಿತ್ತು. ಕಿತ್ತಳೆ ಚೀಟಿಗೆ ಅಂಗಡಿಯಲ್ಲಿ ಯಾವ ದಿನಸಿ ಬೇಕಾದರೂ ಕೊಳ್ಳಬಹುದು. ನೀಲಿ ಚೀಟಿಗೆ ಮಾತ್ರ, ಸರ್ಕಾರ ಮಿಗುತಾಯ ಎಂದು ಸಾರಿದ ಪದಾರ್ಥಗಳನ್ನೇ ಕೊಳ್ಳಬೇಕು. ರೈತನ ಮಿಗುತಾಯ, ಬಡವನ ಊಟ, ಎರಡೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಸೇರಿದ್ದು ಹೀಗೆ.

1964ರಲ್ಲಿ ಫುಡ್ ಸ್ಟಾಂಪ್ ಕಾಯಂ ಕಾನೂನಾಯಿತು. 1973ರಲ್ಲಿ ಅದನ್ನು ಫಾರ್ಮ್ ಬಿಲ್ ಜೊತೆ ಸೇರಿಸಿದರು. ಆ ಹೊತ್ತಿಗೆ ಅಮೆರಿಕದಲ್ಲಿ ರೈತರ ಸಂಖ್ಯೆ ಇಳಿಯುತ್ತಲೇ ಇತ್ತು. ಬರೀ ಹಳ್ಳಿ ಪ್ರತಿನಿಧಿಗಳ ಮತದಿಂದ ಕೃಷಿ ಕಾನೂನು ಪಾಸಾಗುವ ಕಾಲ ಮುಗಿದಿತ್ತು. ಪಟ್ಟಣದವರು ಬೆಳೆ ಬೆಂಬಲಕ್ಕೆ ಕೈ ಎತ್ತುತ್ತಾರೆ, ಹಳ್ಳಿಯವರು ಫುಡ್ ಸ್ಟಾಂಪ್‌ಗೆ ಕೈ ಎತ್ತುತ್ತಾರೆ. ಇದೇ ಒಪ್ಪಂದ. ಕಾನ್ಸಾಸ್‌ನ ರಿಪಬ್ಲಿಕನ್ ಬಾಬ್ ಡೋಲ್, ಸೌತ್ ಡಕೋಟಾದ ಡೆಮಾಕ್ರಟ್ ಜಾರ್ಜ್ ಮೆಕ್‌ಗವರ್ನ್ ಇಬ್ಬರೂ ಕೈಜೋಡಿಸಿದ್ದರಿಂದ 1977ರಲ್ಲಿ ಫುಡ್ ಸ್ಟಾಂಪ್‌ಗೆ ಮೊದಲು ದುಡ್ಡು ಕಟ್ಟಬೇಕೆಂಬ ನಿಯಮವೂ ಹೋಯಿತು. ಕೈಯಲ್ಲಿ ಬಿಡಿಗಾಸಿಲ್ಲದವರಿಗೆ ಅದು ದೊಡ್ಡ ಬದಲಾವಣೆ.

2013ರಲ್ಲಿ ಕೆಳಮನೆ ಈ ಎರಡನ್ನೂ ಬೇರ್ಪಡಿಸಲು ನೋಡಿತು. ಜೂನ್‌ನಲ್ಲಿ ಮಸೂದೆ ಬಿದ್ದುಹೋಯಿತು. ಆಮೇಲೆ ಬೇರೆ ಬೇರೆಯಾಗಿ ಪಾಸು ಮಾಡಿದರು. ಕೊನೆಗೆ 2014ರಲ್ಲಿ ಮತ್ತೆ ಒಟ್ಟಿಗೇ ಕಟ್ಟಬೇಕಾಯಿತು.

ಒಂದೇ ಕೆರೆ, ಮೂರು ತೂಬು

ಈಗ ದುಡ್ಡಿನ ವಿಷಯಕ್ಕೆ ಬರೋಣ. ಖಜಾನೆ ಒಂದೇ. ಆದರೆ ಅಲ್ಲಿಂದ ಕೃಷಿಗೆ ದುಡ್ಡು ಹೊರಡುವ ತೂಬುಗಳು ಮೂರು.

ಮೊದಲನೆಯದು ಕಡ್ಡಾಯ ವೆಚ್ಚ. ಕಾನೂನಿನಲ್ಲೇ ಅರ್ಹತೆ ಬರೆದಿರುತ್ತದೆ. ಅರ್ಹರಾದವರಿಗೆ ಸರ್ಕಾರ ಕೊಡಲೇಬೇಕು, ಎಷ್ಟಾದರೂ ಸರಿ. ಬೆಲೆ ಬೆಂಬಲ, ಬೆಳೆ ವಿಮೆ ಹೀಗೆ ನಡೆಯುತ್ತವೆ. ಸಂರಕ್ಷಣೆಯ ಬಹುಪಾಲೂ ಈ ಗುಂಪಿನದೇ, ಅದಕ್ಕೆ ಮಾತ್ರ ಕಾನೂನಿನಲ್ಲೇ ಮೊತ್ತ ಗೊತ್ತುಮಾಡಿರುತ್ತಾರೆ. ಬೆಳೆ ವಿಮೆಯಂತೂ ಫಾರ್ಮ್ ಬಿಲ್‌ಗೂ ಹೊರಗಿನ ಕಾಯಂ ಕಾನೂನಿನ ಮೇಲೆ ನಿಂತಿದೆ. ಫಾರ್ಮ್ ಬಿಲ್ ಅವಧಿ ಮುಗಿದರೂ ಅದು ನಡೆಯುತ್ತದೆ. ವಿಮೆ ಕಂತಿನಲ್ಲಿ ಸರಾಸರಿ ಅರವತ್ತು ಪರ್ಸೆಂಟ್‌ಗಿಂತ ಜಾಸ್ತಿ ಪಾಲು ಸರ್ಕಾರವೇ ತುಂಬುತ್ತದೆ.

ಎರಡನೆಯದು ವರ್ಷ ವರ್ಷ ಸಂಸತ್ತು ಮಂಜೂರು ಮಾಡಬೇಕಾದ ದುಡ್ಡು. ಸಂಶೋಧನೆ, ಹಳ್ಳಿಗಳ ಕುಡಿಯುವ ನೀರು, ಇಲಾಖೆ ಸಿಬ್ಬಂದಿಯ ಸಂಬಳ ಇಲ್ಲಿಂದ ಬರುತ್ತದೆ. ಫಾರ್ಮ್ ಬಿಲ್ ಇವಕ್ಕೆ ಅನುಮತಿ ಕೊಡುತ್ತದೆ, ದುಡ್ಡು ಕೊಡುವುದಿಲ್ಲ. ಎಷ್ಟೋ ಯೋಜನೆಗಳು ಕಾನೂನಿನ ಪುಟದಲ್ಲೇ ಉಳಿದುಬಿಡುವುದು ಇದೇ ಕಾರಣಕ್ಕೆ.

ಸ್ನ್ಯಾಪ್ ಇವೆರಡರ ನಡುವೆ ಸಿಕ್ಕಿಕೊಂಡಿದೆ. ಅರ್ಹರಿಗೆ ಕೊಡಲೇಬೇಕು ಅನ್ನುತ್ತದೆ ಕಾನೂನು. ಆದರೆ ಆ ದುಡ್ಡು ವಾರ್ಷಿಕ ಮಂಜೂರಾತಿಯ ಬಾಗಿಲಿನಿಂದಲೇ ಹೊರಬರಬೇಕು. ಸಂಸತ್ತು ವಾರ್ಷಿಕ ಮಂಜೂರಾತಿ ಕೊಡದೆ 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರಿ ಕೆಲಸ ಸ್ಥಗಿತವಾದಾಗ ಆ ಬಾಗಿಲು ಮುಚ್ಚಿತು. ಮೀಸಲು ನಿಧಿ ಬಳಸಬೇಕೇ ಬೇಡವೇ ಅಂತ ಕೋರ್ಟುಗಳಲ್ಲಿ ಜಗಳ ನಡೆಯಿತು. ತಿಂಗಳಿಗೆ ತಲಾ ಸರಾಸರಿ 187 ಡಾಲರ್, ಅಂದರೆ ದಿನಕ್ಕೆ ಆರು ಡಾಲರ್ ಚಿಲ್ಲರೆಯಲ್ಲಿ ಊಟ ಹೊಂದಿಸುವ ಮನೆಗಳಿಗೆ ಒಂದು ವಾರ ತಡವಾದರೂ ಅಡುಗೆಮನೆ ಖಾಲಿ. ನಮ್ಮಲ್ಲಿ ನ್ಯಾಯಬೆಲೆ ಅಂಗಡಿಗೆ ಅಕ್ಕಿ ಬರದಿದ್ದರೆ ಏನಾಗುತ್ತದೋ ಅದೇ ಅಲ್ಲಿ ಕಾರ್ಡ್ ಉಜ್ಜುವ ಯಂತ್ರದ ಮುಂದೆ ಆಯಿತು.

ಮೂರನೆಯ ತೂಬಿನ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಅದರ ಹೆಸರು ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್. 1933ರಲ್ಲೇ ಹುಟ್ಟಿದ ಸರ್ಕಾರಿ ಸಂಸ್ಥೆ. ಇದು ಖಜಾನೆಯಿಂದ 3,000 ಕೋಟಿ ಡಾಲರ್‌ವರೆಗೆ ಸಾಲ ಎತ್ತಬಹುದು. ಖಾಲಿಯಾದದ್ದನ್ನು ಸಂಸತ್ತು ಆಮೇಲೆ ತುಂಬಿಕೊಡುತ್ತದೆ. ಬೆಲೆ ಬೆಂಬಲದ ದುಡ್ಡು ಹೋಗುವುದೂ ಇದರ ಮೂಲಕವೇ. ಆದರೆ ಕೃಷಿ ಮಂತ್ರಿಗೆ ತನ್ನ ವಿವೇಚನೆಯಲ್ಲಿ ಬಳಸುವ ಅಧಿಕಾರವೂ ಇದೆ. 2018, 2019ರಲ್ಲಿ ಚೀನಾ ಜೊತೆ ಸುಂಕದ ಜಗಳ ಶುರುವಾಗಿ ಸೋಯಾಬೀನ್ ಮಾರಾಟ ಬಿದ್ದಾಗ, ಟ್ರಂಪ್ ಸರ್ಕಾರ 2,000 ಕೋಟಿ ಡಾಲರ್‌ಗೂ ಮೀರಿ ಹಂಚಿದ್ದು ಇಲ್ಲಿಂದಲೇ. ಸಂಸತ್ತಿನ ಮುಂದೆ ಹೊಸ ಮಸೂದೆ ಇಡಬೇಕಾಗಿ ಬರಲಿಲ್ಲ. 2025ರ ಡಿಸೆಂಬರ್‌ನ ನೆರವೂ ಇದೇ ದಾರಿ ಹಿಡಿಯಿತು.

ಬೇಸ್‌ಲೈನ್: ಹಳೆ ಲೆಕ್ಕವೇ ಹೊಸ ನೀತಿ

ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲಿ.

ಅಮೆರಿಕದ ಸಂಸತ್ತಿಗೆ ಲೆಕ್ಕ ಹಾಕಿಕೊಡುವ ಒಂದು ಕಚೇರಿ ಇದೆ, ಕಾಂಗ್ರೆಷನಲ್ ಬಜೆಟ್ ಆಫೀಸ್. ಈಗಿನ ಕಾನೂನು ಹೀಗೇ ಮುಂದುವರಿದರೆ ಹತ್ತು ವರ್ಷದಲ್ಲಿ ಎಷ್ಟು ಖರ್ಚಾಗುತ್ತದೆ ಅಂತ ಅದು ಅಂದಾಜು ಕಟ್ಟುತ್ತದೆ. ಆ ಅಂದಾಜಿಗೆ ಬೇಸ್‌ಲೈನ್ ಅನ್ನುತ್ತಾರೆ. ಹೊಸ ಫಾರ್ಮ್ ಬಿಲ್ ಬರೆಯುವವರ ಜೇಬಿನಲ್ಲಿ ಇರುವ ದುಡ್ಡು ಅಷ್ಟೇ. ಒಂದು ಯೋಜನೆಗೆ ಜಾಸ್ತಿ ಬೇಕೆಂದರೆ ಇನ್ನೊಂದರಿಂದ ಕೀಳಬೇಕು, ಇಲ್ಲವೇ ಬೇರೆ ಕಡೆಯಿಂದ ತರಬೇಕು.

ಇದರ ಪರಿಣಾಮ ನೋಡಿ. ಕೊನೆಯ ವರ್ಷದಲ್ಲಿ 5 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚಿದ್ದ ಕಡ್ಡಾಯ ಯೋಜನೆಗಳು ಅವಧಿ ಮುಗಿದ ಮೇಲೂ ಮುಂದುವರಿಯುತ್ತವೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಸಣ್ಣವುಗಳಿಗೆ ಆ ಭಾಗ್ಯ ಇಲ್ಲ. ಅವುಗಳ ಮುಂದಿನ ಬೇಸ್‌ಲೈನ್ ಸೊನ್ನೆ. ಅಲ್ಲಿನವರು ಅವನ್ನು ಅನಾಥ ಯೋಜನೆಗಳು ಅಂತಲೇ ಕರೆಯುತ್ತಾರೆ. ಪ್ರತಿ ಸಲ ಅವು ಬಾಗಿಲಿಗೆ ಬಂದು ಹೊಸದಾಗಿ ದುಡ್ಡು ಬೇಡಬೇಕು. ಹಳೆಯದು, ದೊಡ್ಡದು ತಾನಾಗಿ ಉಳಿಯುತ್ತದೆ. ಹೊಸದು, ಸಣ್ಣದು ತಾನಾಗಿ ಸಾಯುತ್ತದೆ. ಯಾರೂ ಕೂತು ಹೀಗೇ ಆಗಲಿ ಅಂತ ತೀರ್ಮಾನಿಸಿದ್ದಲ್ಲ. ಲೆಕ್ಕದ ನಿಯಮವೇ ಹೀಗೆ ಮಾಡಿಸುತ್ತದೆ.

ಮೆಕ್ಕೆಜೋಳ, ಸೋಯಾ, ಗೋಧಿ, ಹತ್ತಿ, ಭತ್ತ, ಕಡಲೆಕಾಯಿಗೆ ದಶಕಗಟ್ಟಲೆ ಬೆಂಬಲ ಮುಂದುವರಿದದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಕ್ಯಾಲಿಫೋರ್ನಿಯಾದ ತರಕಾರಿ, ಹಣ್ಣಿಗೆ ಅಂಥ ಬೆಲೆ ಬೆಂಬಲ ಇಲ್ಲ.

ನೂರು ಎಕರೆಯ ಒಂದು ಲೆಕ್ಕ

ಬೆಲೆ ಬೆಂಬಲ ಹೇಗೆ ಕೈಗೆ ಬರುತ್ತದೆ ಅಂತ ಒಂದು ಉದಾಹರಣೆ ಕಟ್ಟಿ ನೋಡೋಣ. ಅಯೋವಾದ ಒಬ್ಬ ರೈತನಿಗೆ 100 ಎಕರೆ ಜೋಳದ "ಬೇಸ್" ಇದೆ ಅಂದುಕೊಳ್ಳಿ. ಇಲ್ಲಿ ಜೋಳ ಅಂದರೆ ಮುಸುಕಿನ ಜೋಳ, ಅಂದರೆ ಮೆಕ್ಕೆಜೋಳ. ಎಕರೆಗೆ ದಾಖಲೆಯ ಇಳುವರಿ 150 ಬುಶೆಲ್. ಒಂದು ಬುಶೆಲ್ ಜೋಳ ಅಂದರೆ ಸುಮಾರು 25 ಕಿಲೋ. ಕಾನೂನು ಗೊತ್ತುಮಾಡಿದ ರೆಫರೆನ್ಸ್ ಬೆಲೆ 4.10 ಡಾಲರ್. ಆ ವರ್ಷ ದೇಶದ ಸರಾಸರಿ ಮಾರುಕಟ್ಟೆ ಬೆಲೆ 3.80ಕ್ಕೆ ಇಳಿಯಿತು ಅನ್ನಿ. ವ್ಯತ್ಯಾಸ 30 ಸೆಂಟ್. ದುಡ್ಡು ಕೊಡುವುದು ಬೇಸ್‌ನ 85 ಪರ್ಸೆಂಟ್‌ಗೆ, ಅಂದರೆ 85 ಎಕರೆಗೆ. 85 ಇಂಟು 150 ಇಂಟು 0.30. ಬಂತು 3,825 ಡಾಲರ್. ಸಣ್ಣಪುಟ್ಟ ಕಡಿತಗಳನ್ನು ಇಲ್ಲಿ ಬಿಟ್ಟಿದ್ದೇನೆ.

ನಮ್ಮ ಬೆಂಬಲ ಬೆಲೆಯಲ್ಲಿ ಸರ್ಕಾರ ಮಾಲನ್ನೇ ಖರೀದಿಸುತ್ತದೆ. ಅಲ್ಲಿ ಮಾಲು ಮುಟ್ಟುವುದಿಲ್ಲ, ವ್ಯತ್ಯಾಸ ಕೊಡುತ್ತದೆ. ಇದು ನಮಗೂ ತೀರಾ ಹೊಸದಲ್ಲ. 2025ರಲ್ಲಿ ತೋತಾಪುರಿ ಮಾವಿನ ಬೆಲೆ ನೆಲಕಚ್ಚಿ ಕೋಲಾರ ಭಾಗದ ಬೆಳೆಗಾರರು ಬೀದಿಗಿಳಿದಾಗ, ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ಗೊತ್ತುಮಾಡಿ 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ಪಾವತಿಗೆ ಒಪ್ಪಿತ್ತು. ತತ್ವ ಅದೇ.

ಆದರೆ ಆ ಲೆಕ್ಕದಲ್ಲಿ ಎರಡು ವಿಷಯ ಗಮನಿಸಿ. "ಬೇಸ್" ಎಂದರೆ ಈ ವರ್ಷ ಬಿತ್ತಿದ ಎಕರೆ ಅಲ್ಲ, ಹಿಂದೆ ಯಾವತ್ತೋ ಬಿತ್ತಿದ್ದರ ದಾಖಲೆ. ರೈತ ಈ ವರ್ಷ ಅಲ್ಲಿ ಸೋಯಾ ಹಾಕಿದ್ದರೂ ಜೋಳದ ದುಡ್ಡು ಬರುತ್ತದೆ. ಈ ಹಕ್ಕು ಅಂಟಿಕೊಂಡಿರುವುದು ಜಮೀನಿಗೆ. ಅಮೆರಿಕದ ಕೃಷಿ ಭೂಮಿಯಲ್ಲಿ ಐದರಲ್ಲಿ ಎರಡು ಪಾಲು ಗುತ್ತಿಗೆಯದು. ಬೆಂಬಲ ಜಾಸ್ತಿಯಾದರೆ ಜಮೀನಿನ ಒಡೆಯ ಮುಂದಿನ ವರ್ಷ ಗೇಣಿ ಏರಿಸುತ್ತಾನೆ. ಉಳುವವನಿಗೆ ಬಂದ ದುಡ್ಡಿನ ಒಂದು ಪಾಲು ಹೀಗೆ ಒಡೆಯನ ಕೈ ಸೇರುತ್ತದೆ.

ಇನ್ನೊಂದು, ಕಾಲದ ಅಂತರ. 2025ರ ಶರತ್ಕಾಲದಲ್ಲಿ ಕೊಯ್ದ ಜೋಳದ ಮಾರಾಟ ವರ್ಷ ಮುಗಿಯುವುದು 2026ರ ಆಗಸ್ಟ್‌ಗೆ. ಸರಾಸರಿ ಬೆಲೆ ಎಷ್ಟೆಂದು ಗೊತ್ತಾದ ಮೇಲೆಯೇ ದುಡ್ಡು, ಅಂದರೆ 2026ರ ಅಕ್ಟೋಬರ್‌ನಿಂದ. ಬೀಜ, ಗೊಬ್ಬರದ ಸಾಲ ತೀರಿಸಬೇಕಾದದ್ದು ಅದಕ್ಕೂ ಮೊದಲೇ. 2025ರ ಬೇಸಿಗೆಯಿಂದ ಚೀನಾ ಅಮೆರಿಕದ ಸೋಯಾ ಕೊಳ್ಳುವುದನ್ನೇ ನಿಲ್ಲಿಸಿತ್ತು. ಅಕ್ಟೋಬರ್ ಕೊನೆಗೆ ಟ್ರಂಪ್, ಷಿ ಜಿನ್‌ಪಿಂಗ್ ಭೇಟಿಯ ನಂತರವಷ್ಟೇ ಮತ್ತೆ ಕೊಳ್ಳುವ ಮಾತಾಯಿತು. ಡಿಸೆಂಬರ್‌ನ 1,200 ಕೋಟಿ ಡಾಲರ್ ನೆರವಿಗೆ "ಸೇತುವೆ" ಅಂತ ಹೆಸರಿಟ್ಟದ್ದು ಈ ಅಂತರ ದಾಟಿಸಲಿಕ್ಕೆ.

ಜುಲೈ 4, 2025: ಹಳೆ ಒಪ್ಪಂದ ಮುರಿದ ದಿನ

2018ರ ಕಾನೂನು 2023ರಲ್ಲೇ ಮುಗಿದಿತ್ತು. ಒಂದೊಂದು ವರ್ಷ ಅಂತ ಎರಡು ಸಲ ಎಳೆದರು. ಮೂರನೇ ಸಲ, ಸ್ಥಗಿತ ಕೊನೆಗೊಂಡ 2025ರ ನವೆಂಬರ್ 12ರಂದು, 2026ರ ಸೆಪ್ಟೆಂಬರ್ 30ರವರೆಗೆ ಎಳೆದರು. ಆದರೆ ನಿಜವಾದ ಬದಲಾವಣೆ ಆಗಿದ್ದು ಇದರ ನಡುವೆ, ಟ್ರಂಪ್ ಅವರ "ಒನ್ ಬಿಗ್ ಬ್ಯೂಟಿಫುಲ್ ಬಿಲ್" ಮೂಲಕ.

ಮಾಮೂಲಿ ಮಸೂದೆಗೆ ಮೇಲ್ಮನೆಯಾದ ಸೆನೆಟ್‌ನಲ್ಲಿ 100ರಲ್ಲಿ 60 ಮತದ ಬಲ ಬೇಕಾಗುತ್ತದೆ. ಹಾಗಾಗಿ ಎರಡೂ ಪಕ್ಷ ಸೇರಲೇಬೇಕು. ಬಜೆಟ್ ಮಸೂದೆಗೆ ಬೇರೆ ದಾರಿ ಇದೆ, ಬರೀ ಬಹುಮತ ಸಾಕು. ರಿಪಬ್ಲಿಕನ್ನರು ಕೃಷಿಯ ದುಡ್ಡಿನ ಭಾಗವನ್ನು ಈ ದಾರಿಯಲ್ಲಿ ಸೇರಿಸಿದರು. ಸೆನೆಟ್‌ನಲ್ಲಿ ಸಮಬಲ ಮುರಿದ ಉಪಾಧ್ಯಕ್ಷರ ಮತವೂ ಸೇರಿ 51-50, ಕೆಳಮನೆಯಲ್ಲಿ 218-214. ಪಾಸಾಯಿತು.

ಜೋಳದ ರೆಫರೆನ್ಸ್ ಬೆಲೆ 3.70ರಿಂದ 4.10ಕ್ಕೆ, ಸೋಯಾ 8.40ರಿಂದ 10 ಡಾಲರ್‌ಗೆ, ಗೋಧಿ 5.50ರಿಂದ 6.35ಕ್ಕೆ ಏರಿತು. 3 ಕೋಟಿ ಎಕರೆವರೆಗೆ ಹೊಸ ಬೇಸ್ ಸೇರಿಸಲು ಅವಕಾಶವಾಯಿತು. ಒಬ್ಬರಿಗೆ ವರ್ಷಕ್ಕೆ ಸಿಗುವ ಬೆಂಬಲದ ಮಿತಿ 1.25 ಲಕ್ಷದಿಂದ 1.55 ಲಕ್ಷ ಡಾಲರ್‌ಗೆ ಹೋಯಿತು. 2018ರ ಕಾನೂನಿನ ಪ್ರಕಾರ ಕುಟುಂಬದ ಜಮೀನಿನಲ್ಲಿ ಅಣ್ಣ ತಮ್ಮಂದಿರ ಮಕ್ಕಳೂ ಪಾಲುದಾರರಾಗಿ ಬೇರೆ ಬೇರೆ ಮಿತಿ ಪಡೆಯಬಹುದು. ಹಾಗಾಗಿ ದೊಡ್ಡ ಮನೆತನಗಳಿಗೆ ಈ ಮಿತಿ ಅಷ್ಟೇನೂ ತಡೆಯಲ್ಲ. ಕೃಷಿಗೆ ಹತ್ತು ವರ್ಷದಲ್ಲಿ ಸುಮಾರು 6,600 ಕೋಟಿ ಡಾಲರ್ ಜಾಸ್ತಿ.

ಅದೇ ಕಾನೂನು ಸ್ನ್ಯಾಪ್‌ನಿಂದ ಹತ್ತು ವರ್ಷದಲ್ಲಿ ಸುಮಾರು 18,600 ಕೋಟಿ ಡಾಲರ್ ತೆಗೆಯಿತು. ತಿಂಗಳಿಗೆ 80 ಗಂಟೆ ದುಡಿಯಬೇಕೆಂಬ ಷರತ್ತು ಮೊದಲು 54 ವರ್ಷದವರೆಗೆ ಇತ್ತು, ಈಗ 64 ವರ್ಷದವರೆಗೆ. 14 ದಾಟಿದ ಮಕ್ಕಳಿರುವ ತಂದೆತಾಯಿಗೂ ಅನ್ವಯ. ಷರತ್ತು ಪೂರೈಸದವರಿಗೆ ಮೂರು ವರ್ಷದಲ್ಲಿ ಮೂರು ತಿಂಗಳು ಮಾತ್ರ ನೆರವು.

ಯಾರ ವಾದ ಏನು

ಬೆಂಬಲಿಸುವವರ ಮಾತಿನಲ್ಲಿ ತಿರುಳಿಲ್ಲ ಅನ್ನಲಾಗದು. ಹಳೆಯ ರೆಫರೆನ್ಸ್ ಬೆಲೆಗಳು 2014ರಲ್ಲಿ ಬರೆದವು. ಆಮೇಲೆ ಗೊಬ್ಬರ, ಡೀಸೆಲ್, ಯಂತ್ರ, ಬಡ್ಡಿ ಎಲ್ಲ ಏರಿವೆ. ಬೆಲೆ ಮಾತ್ರ ಅಲ್ಲೇ ನಿಂತಿತ್ತು. ಸೆನೆಟ್ ಕೃಷಿ ಸಮಿತಿಯ ಅಧ್ಯಕ್ಷ ಜಾನ್ ಬೂಸ್‌ಮನ್ ಭತ್ತ, ಹತ್ತಿ ಬೆಳೆಯುವ ಅರ್ಕನ್ಸಾದವರು. ಫಾರ್ಮ್ ಬಿಲ್‌ನಲ್ಲಿ ಫಾರ್ಮ್‌ನ ಪಾಲು ಜಾಸ್ತಿ ಇರಬೇಕು ಅನ್ನುವುದು ಅವರ ನಿಲುವು.

ಡೆಮಾಕ್ರಟರ ಆಕ್ಷೇಪ ನೇರ: ಬಡವರ ತಟ್ಟೆಯಿಂದ ತೆಗೆದು ದೊಡ್ಡ ಹಿಡುವಳಿಗೆ ಕೊಟ್ಟಿದ್ದೀರಿ. ಸಬ್ಸಿಡಿಯೇ ಬೇಡ ಅನ್ನುವ ಮುಕ್ತ ಮಾರುಕಟ್ಟೆಯವರು ಮೂರನೇ ಕಡೆ ನಿಂತಿದ್ದಾರೆ. ಬೆಲೆ ಬಿದ್ದಾಗ ಬಿತ್ತನೆ ಕಡಿಮೆಯಾಗಬೇಕು. ಸರ್ಕಾರ ವ್ಯತ್ಯಾಸ ತುಂಬಿದರೆ ಆ ಸೂಚನೆಯೇ ರೈತನಿಗೆ ತಲುಪುವುದಿಲ್ಲ ಅನ್ನುತ್ತಾರೆ.

ಸ್ನ್ಯಾಪ್ ಕಡಿತದಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಷರತ್ತಿಗಿಂತ ಇನ್ನೊಂದು ಅಂಶ. ಇಷ್ಟು ದಿನ ನೆರವಿನ ಪೂರ್ತಿ ದುಡ್ಡು ಕೇಂದ್ರದ್ದು. 2027ರ ಅಕ್ಟೋಬರ್‌ನಿಂದ, ನೆರವು ಲೆಕ್ಕ ಹಾಕುವುದರಲ್ಲಿ ತಪ್ಪಿನ ಪ್ರಮಾಣ 6 ಪರ್ಸೆಂಟ್ ಮುಟ್ಟಿದ ರಾಜ್ಯಗಳು ನೆರವಿನ 5ರಿಂದ 15 ಪರ್ಸೆಂಟ್ ತಾವೇ ಹಾಕಬೇಕು. ಇದಕ್ಕೂ ಒಂದು ವರ್ಷ ಮೊದಲೇ ಕಚೇರಿ ಖರ್ಚಿನಲ್ಲಿ ರಾಜ್ಯದ ಪಾಲು 50ರಿಂದ 75 ಪರ್ಸೆಂಟ್‌ಗೆ ಏರುತ್ತದೆ. ತಪ್ಪು ಅಂದರೆ ಮೋಸ ಅಂತ ಓದಬೇಡಿ. ಕಡಿಮೆ ಕೊಟ್ಟಿದ್ದೂ ತಪ್ಪೇ, ಗುಮಾಸ್ತ ಸಂಬಳದ ಅಂಕಿ ತಪ್ಪಾಗಿ ಬರೆದರೂ ತಪ್ಪೇ. ದಂಡದ ಹೆದರಿಕೆ ಇದ್ದಾಗ ಕಚೇರಿ ಏನು ಮಾಡುತ್ತದೆ? ಇನ್ನೊಂದು ದಾಖಲೆ ಕೇಳುತ್ತದೆ, ಇನ್ನೊಂದು ಸಲ ಬಾ ಅನ್ನುತ್ತದೆ. ದಿನಗೂಲಿಯವರು, ವಾರಕ್ಕೊಂದು ಪಾಳಿ ಬದಲಾಗುವವರು ಮೊದಲು ಕೈಬಿಟ್ಟು ಹೋಗುತ್ತಾರೆ.

ನಮ್ಮ ಹತ್ತಿ, ಅವರ ಹತ್ತಿ

ಇದೆಲ್ಲ ಅಮೆರಿಕದ ಒಳಗಿನ ವಿಷಯ ಅಂತ ಸುಮ್ನೆ ಬಿಡುವಂತಿಲ್ಲ. ಹತ್ತಿಯನ್ನೇ ನೋಡಿ. ಬೆಲೆ ಬಿದ್ದರೂ ಟೆಕ್ಸಾಸ್ ರೈತ ಬಿತ್ತನೆ ಕಡಿಮೆ ಮಾಡದಿದ್ದರೆ, ಜಗತ್ತಿನ ಮಾರುಕಟ್ಟೆಯಲ್ಲಿ ಹತ್ತಿ ತುಂಬಿಕೊಳ್ಳುತ್ತದೆ. ಬೆಲೆ ಇನ್ನಷ್ಟು ಇಳಿಯುತ್ತದೆ. ಅವನಿಗೆ ವ್ಯತ್ಯಾಸ ಸಿಗುತ್ತದೆ, ಬೇರೆ ದೇಶದ ರೈತನಿಗೆ ಸಿಗುವುದಿಲ್ಲ. ಬ್ರೆಜಿಲ್ ಇದನ್ನೇ ವಿಶ್ವ ವಾಣಿಜ್ಯ ಸಂಸ್ಥೆಗೆ ಒಯ್ದು ಗೆದ್ದಿತು. ಅಮೆರಿಕ ಆಗ ಮಾಡಿದ್ದೇನು ಗೊತ್ತೇ? 2010ರಲ್ಲಿ ಸಬ್ಸಿಡಿ ನಿಲ್ಲಿಸುವ ಬದಲು ಬ್ರೆಜಿಲ್‌ಗೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು. 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಅದೇ ವರ್ಷದ ಫಾರ್ಮ್ ಬಿಲ್‌ನಲ್ಲಿ ಬೆಲೆ ಬೆಂಬಲದಿಂದ ಹೊರಗಿಟ್ಟಿದ್ದ ಹತ್ತಿ, 2018ರಲ್ಲಿ "ಬೀಜದ ಹತ್ತಿ" (ಬೀಜ ಬೇರ್ಪಡಿಸದ ಹತ್ತಿ) ಅನ್ನುವ ಹೆಸರಲ್ಲಿ ಮತ್ತೆ ಒಳಗೆ ಬಂತು. 2025ರಲ್ಲಿ ಅದರ ರೆಫರೆನ್ಸ್ ಬೆಲೆಯೂ ಏರಿತು.

ಇದೇ ಅಮೆರಿಕ 2018ರಲ್ಲಿ ಭಾರತ ಭತ್ತ, ಗೋಧಿ, ಹತ್ತಿಗೆ ಕೊಡುವ ಬೆಂಬಲ ಬೆಲೆ ಮಿತಿ ಮೀರಿದೆ ಅಂತ ಅದೇ ಸಂಸ್ಥೆಯಲ್ಲಿ ತಕರಾರು ಎತ್ತಿತು. ನಮಗೆ ಇರುವ ಮಿತಿ ಬೆಳೆಯ ಮೌಲ್ಯದ 10 ಪರ್ಸೆಂಟ್. ಅಮೆರಿಕಕ್ಕೆ ಹಳೆಯ ಒಪ್ಪಂದದ ಪ್ರಕಾರ ವರ್ಷಕ್ಕೆ 1,910 ಕೋಟಿ ಡಾಲರ್‌ವರೆಗೆ ಅವಕಾಶ. ಹೋಲಿಕೆಯೇ ಸರಿಸಮ ಅಲ್ಲ.

2025ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ ಹತ್ತಿ ಮೇಲಿನ 11 ಪರ್ಸೆಂಟ್ ಆಮದು ಸುಂಕ ತೆಗೆದು, ವರ್ಷದ ಕೊನೆವರೆಗೆ ವಿಸ್ತರಿಸಿತು. ಜವಳಿ ಗಿರಣಿಗಳಿಗೆ ಅನುಕೂಲ. ಆದರೆ ರಾಯಚೂರು, ಹಾವೇರಿಯ ರೈತ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ತಿಂಗಳುಗಳೂ ಅವೇ. ಉದ್ದ ಎಳೆಯ ಹತ್ತಿಗೆ ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ. ಖರೀದಿ ಕೇಂದ್ರ ತಡವಾದರೆ, ತೇವ ಜಾಸ್ತಿ ಅಂತ ಮಾಲು ವಾಪಸಾದರೆ, ಅವನು ಮಾರಬೇಕಾದದ್ದು ಜಗತ್ತಿನ ಬೆಲೆಗೆ. ಆ ಬೆಲೆಯಲ್ಲಿ ಅಮೆರಿಕದ ಫಾರ್ಮ್ ಬಿಲ್ ಕೂಡ ಸೇರಿಕೊಂಡಿದೆ.

ಮುಂದೆ ಏನಾಗಬಹುದು

ಉಳಿದ ಅಧ್ಯಾಯಗಳಿಗೆ ಒಂದು ತೆಳ್ಳನೆಯ ಮಸೂದೆ, ಅವರ ಮಾತಿನಲ್ಲಿ "ಸ್ಕಿನ್ನಿ ಫಾರ್ಮ್ ಬಿಲ್", ಮಾಡಬೇಕು ಅನ್ನುವ ಮಾತಿದೆ. ಕಷ್ಟ ಎಲ್ಲಿ ಅಂದರೆ, ಸಾಲ, ಸಂಶೋಧನೆ, ಹಳ್ಳಿ ಅಭಿವೃದ್ಧಿ, ಕಾಡು, ಇವಕ್ಕೆ ಸೆನೆಟ್‌ನಲ್ಲಿ ಮತ್ತೆ 60 ಮತ ಬೇಕು. ಬೆಲೆ ಬೆಂಬಲ ಬಯಸಿದ ಸದಸ್ಯರಿಗೆ ಬೇಕಾದದ್ದು 2031ರ ಬೆಳೆವರೆಗೆ ಸಿಕ್ಕಾಗಿದೆ. ಅವರಿಗೆ ಅವಸರ ಇಲ್ಲ. ಸ್ನ್ಯಾಪ್ ಕಳೆದುಕೊಂಡ ಪಟ್ಟಣದ ಸದಸ್ಯರಿಗೆ ಕೈ ಎತ್ತಲು ಕಾರಣ ಇಲ್ಲ. ಒಬ್ಬರ ಅಗತ್ಯ ಇನ್ನೊಬ್ಬರಿಗೆ ಇದ್ದದ್ದರಿಂದಲೇ 1973ರಿಂದ ಈ ಗಾಡಿ ಓಡಿದ್ದು. ಎತ್ತು ಒಂದನ್ನು ಬಿಚ್ಚಿದ ಮೇಲೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಮತ್ತೊಂದು ವರ್ಷದ ವಿಸ್ತರಣೆಯೇ ಹೆಚ್ಚು ಸಂಭವ ಅನಿಸುತ್ತದೆ.

ವಿಸ್ತರಣೆಯಿಂದ ದೊಡ್ಡವರಿಗೆ ನಷ್ಟ ಇಲ್ಲ. ಪೆಟ್ಟು ಬೀಳುವುದು ಬೇಸ್‌ಲೈನ್ ಇಲ್ಲದ ಸಣ್ಣ ಯೋಜನೆಗಳಿಗೆ, ಹೊಸದಾಗಿ ಕೃಷಿಗೆ ಬರುವವರಿಗೆ. 2022ರ ಕೃಷಿ ಗಣತಿಯಲ್ಲಿ ಅಮೆರಿಕದ ರೈತರ ಸರಾಸರಿ ವಯಸ್ಸು 58.1. ಹಿಡುವಳಿಗಳ ಸಂಖ್ಯೆ 19 ಲಕ್ಷ. ಸ್ವಂತ ಜಮೀನಿಲ್ಲದ ಮೂವತ್ತರ ಹುಡುಗನೊಬ್ಬ ಬೇಸಾಯಕ್ಕೆ ಇಳಿಯಬೇಕೆಂದರೆ, 2026ರ ಅಕ್ಟೋಬರ್‌ನಲ್ಲಿ ಬರುವ ಹೊಸ ಬೆಂಬಲದ ದುಡ್ಡು ಅವನಿಗಿಂತ ಮೊದಲು ಅವನು ಕಟ್ಟಬೇಕಾದ ಗೇಣಿಯನ್ನು ಮುಟ್ಟಿರುತ್ತದೆ.